ಜಗಲಿಯ ಮಣೆ ಜೇಬಿಗೆ ಬಂತು

ಶಾಲೆಯ ಪೋಷಕರ ಸಭೆಯಿರಲಿ, ಮದುವೆಮನೆಯ ಪಂಕ್ತಿಯಿರಲಿ, ನಾಲ್ಕು ಜನ ತಂದೆತಾಯಿಯರು ಸೇರಿದ ಕಡೆ ಒಂದು ಮಾತು ಬಂದೇ ಬರುತ್ತದೆ: 'ನಮ್ಮ ಹುಡುಗ ಯಾವಾಗ ನೋಡಿದರೂ ಮೊಬೈಲ್ ಹಿಡಿದುಕೊಂಡೇ ಇರ್ತಾನೆ ಕಣ್ರೀ.' ದೂರಿನಲ್ಲಿ ಸತ್ಯವಿಲ್ಲವೆಂದಲ್ಲ. ಆದರೆ ಅದು ಅರ್ಧ ವಾಕ್ಯ. ಹುಡುಗ ಪುಸ್ತಕ ಹಿಡಿದು ಕೂತಿದ್ದಾನೆ ಎಂದರೆ ಯಾವ ಪುಸ್ತಕ ಎಂದು ಕೇಳುವ ನಾವು, ಮೊಬೈಲ್ ಎಂದ ಕೂಡಲೇ ಒಳಗೆ ಏನು ನಡೆದಿದೆ ಎಂದು ಕೇಳುವುದನ್ನೇ ಬಿಟ್ಟುಬಿಡುತ್ತೇವೆ. ಗುಂಡು ಹಾರಿಸುವ ಆಟ, ಒಂದರ ಹಿಂದೊಂದು ಓಡುವ ವಿಡಿಯೊ, ಬೇರೆ ಊರಿಗೆ ಹೋದ ಗೆಳೆಯನೊಡನೆ ನಡೆದಿರುವ ಚದುರಂಗ, ಎಲ್ಲವೂ ನಮಗೆ ಒಂದೇ 'ಮೊಬೈಲ್'.

ಇಲ್ಲಿ ಮಾತು ಆ ಕೊನೆಯ ಬಗೆಯ ಆಟಗಳದು. ಜಗಲಿಯ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಇಲ್ಲವೇ ರಟ್ಟಿನ ಮಣೆ ಬಿಡಿಸಿ ಆಡುತ್ತಿದ್ದ ಲೂಡೊ, ಹಾವು ಏಣಿ, ಚದುರಂಗ, ಚೌಕಾಬಾರ ಈಗ ಫೋನು, ಟ್ಯಾಬ್‌ಗಳೊಳಗೆ ಸೇರಿಕೊಂಡಿವೆ. 2020ರಲ್ಲಿ ಕೊರೊನಾ ಬಂದು ಶಾಲೆ, ಬೀದಿ, ಬಸ್ಸು ಎಲ್ಲ ಬಂದ್ ಆದಾಗ ಊರೂರುಗಳಲ್ಲಿ ಸಿಕ್ಕಿಕೊಂಡ ಅಣ್ಣತಮ್ಮಂದಿರು, ಗೆಳೆಯರು ಒಟ್ಟಿಗೆ ಕೂತದ್ದು ಇಂಥ ಮಣೆಗಳ ಸುತ್ತಲೇ. ನವಿ ಮುಂಬೈಯ ಕಂಪನಿಯೊಂದು 2016ರಲ್ಲಿ ಹೊರತಂದಿದ್ದ 'ಲೂಡೊ ಕಿಂಗ್' ಆ ದಿನಗಳಲ್ಲಿ ಅಜ್ಜಿಯರ ಬಾಯಲ್ಲೂ ಬಂತು. ಆಡಲು ಬೇಕಾದದ್ದು ಒಂದು ಸಂಕೇತ ಸಂಖ್ಯೆ ಮಾತ್ರ. ಒಬ್ಬರು ಅದನ್ನು ಪಡೆದು ಉಳಿದವರಿಗೆ ಕಳಿಸಿದರೆ ನಾಲ್ವರೂ ಒಂದೇ ಮಣೆಗೆ ಬರುತ್ತಾರೆ.

ಮಣೆ ತನ್ನ ಮೈ ಬದಲಿಸುವುದು ಹೊಸತೇನಲ್ಲ. ಇಂಗ್ಲೆಂಡಿನಲ್ಲಿ 1896ರಲ್ಲಿ ಪೇಟೆಂಟ್ ಪಡೆದ ಲೂಡೊ, ನಮ್ಮ ಪಚ್ಚೀಸಿಯನ್ನೇ ಸರಳ ಮಾಡಿ ಕವಡೆಯ ಬದಲು ದಾಳ ಇಟ್ಟ ಆಟ. ಹಾವು ಏಣಿಯ ಹಿಂದೆ ಪಾಪಪುಣ್ಯಗಳ ಲೆಕ್ಕದ ಪರಮಪದ ಸೋಪಾನ ಪಟವಿದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಂತೂ (1794–1868) ಇಂಥ ಆಟಗಳ ಮೋಹಕ್ಕೆ ಬಿದ್ದು ಹೊಸ ಹೊಸ ಮಣೆಗಳನ್ನೇ ಕಲ್ಪಿಸಿದರು. ಕುದುರೆಯ ನಡೆಯಲ್ಲಿ ಮಣೆಯ ಪ್ರತಿ ಮನೆಯನ್ನೂ ಒಮ್ಮೆ ಮಾತ್ರ ಮುಟ್ಟಿಬರುವ ಲೆಕ್ಕಗಳನ್ನು ಹೆಣೆದರು. ಅವರ 'ಶ್ರೀತತ್ತ್ವನಿಧಿ'ಯ ಕೌತುಕ ನಿಧಿ ಎಂಬ ಭಾಗ ಆಟಗಳಿಗೆ ಸೇರಿದ್ದು. ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೂ ಆಟದ ಮಣೆಗಳ ಚಿತ್ರಗಳಿವೆ. ರಜೆಯಲ್ಲಿ ಮೈಸೂರಿಗೆ ಹೋಗುವ ಮಕ್ಕಳು ಮೃಗಾಲಯದ ಜತೆಗೆ ಅವನ್ನೂ ನೋಡಿ ಬರಬಹುದು. ನೆಲ, ಬಟ್ಟೆ, ಮರ, ಗೋಡೆ, ರಟ್ಟು ದಾಟಿ ಮಣೆ ಈಗ ಗಾಜಿನ ಮೇಲೆ ಬಂದು ಕೂತಿದೆ.

ಹಾಗಾದರೆ ಬದಲಾದದ್ದು ಏನು? ಮುಖ್ಯವಾಗಿ ಒಂದು. ಜಗಲಿಯ ಆಟದಲ್ಲಿ ನಿಯಮ ಕಾಯುವವರು ಆಡುವವರೇ. ಫೋನಿನಲ್ಲಿ ಆ ಕೆಲಸ ಯಂತ್ರದ ಪಾಲಾಗಿದೆ.

ನಿಯಮ ಯಾರ ಕೈಯಲ್ಲಿ?

ಚೌಕಾಬಾರವನ್ನೇ ತೆಗೆದುಕೊಳ್ಳಿ. ಐದಕ್ಕೈದು ಇಪ್ಪತ್ತೈದು ಮನೆ, ನಾಲ್ಕು ಕವಡೆ, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಕಾಯಿ ಎಂದರೆ ಹುಣಸೆಬೀಜ, ಬಳೆಚೂರು, ಕೈಗೆ ಸಿಕ್ಕ ಕಲ್ಲು. ನಾಲ್ಕು ಕವಡೆಯೂ ಬಾಯಿ ಮೇಲಾಗಿ ಬಿದ್ದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಮಗುಚಿ ಬಿದ್ದರೆ ಬಾರ, ಅಂದರೆ ಎಂಟು. ಎರಡಕ್ಕೂ ಇನ್ನೊಂದು ಸಲ ಕವಡೆ ಹಾಕುವ ಅವಕಾಶ. ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ. ಇಷ್ಟು ಬಹುತೇಕ ಎಲ್ಲರಿಗೂ ಸಮ್ಮತ. ಇದರಾಚೆ ಮನೆಗೊಂದು ಕಾನೂನು. ಎರಡು ಕಾಯಿ ಒಂದೇ ಮನೆಯಲ್ಲಿ ಕೂತರೆ ಗಟ್ಟಿಯಾಗುತ್ತದೆಯೇ? ಗಟ್ಟಿಯನ್ನು ಒಂಟಿ ಕಾಯಿ ಹೊಡೆಯಬಹುದೇ? ಸತತ ಮೂರು ಸಲ ಚೌಕ ಬಿದ್ದರೆ ಅದು ಭಾಗ್ಯವೋ, ಸುಟ್ಟುಹೋದ ಆಟವೋ? ಒಂದು ಕವಡೆ ಇನ್ನೊಂದರ ಮೇಲೆ ಹತ್ತಿ ನಿಂತರೆ? ಅತ್ತೆಮನೆಗೆ ಬಂದ ಸೊಸೆ ಮೊದಲ ಯುಗಾದಿಯಲ್ಲೇ ಕಲಿಯುತ್ತಿದ್ದ ಪಾಠಗಳಲ್ಲಿ ಇದೂ ಒಂದು.

ಈ ವಾದ ಆಟಕ್ಕೆ ಅಡ್ಡಿಯೆಂದು ನಮಗೆ ಆಗ ತೋರುತ್ತಿತ್ತು. ಈಗ ಯೋಚಿಸಿದರೆ ಆಟದ ಅರ್ಧ ಭಾಗವೇ ಅದಾಗಿತ್ತು. ಹತ್ತು ವರ್ಷದ ಮಗು ತನಗೆ ನಷ್ಟವಾಗುವ ನಿಯಮವನ್ನೂ ಒಪ್ಪಬೇಕಾದದ್ದು, ಸಾಕ್ಷಿ ಹೇಳಬೇಕಾದದ್ದು, ಮುನಿಸಿಕೊಂಡು ಎದ್ದುಹೋದವನನ್ನು ಮತ್ತೆ ಕರೆತರಬೇಕಾದದ್ದು ಎಲ್ಲವೂ ಅಲ್ಲಿತ್ತು. ಇನ್ನೂ ಎಣಿಸಲು ಬಾರದ ತಂಗಿಯನ್ನು 'ಆಟಕ್ಕುಂಟು ಲೆಕ್ಕಕ್ಕಿಲ್ಲ' ಎಂದು ಸೇರಿಸಿಕೊಳ್ಳುತ್ತಿದ್ದರು. ಆ್ಯಪ್‌ಗೆ ಈ ದಾಕ್ಷಿಣ್ಯ ತಿಳಿಯದು. ಅದರ ಪಾಲಿಗೆ ಆಟಕ್ಕುಂಟಾದವರು ಲೆಕ್ಕಕ್ಕೂ ಉಂಟು. ತಪ್ಪಾದ ಮನೆಗೆ ಕಾಯಿ ನಡೆಸಲು ಅದು ಬಿಡದು. ಮೋಸಕ್ಕೆ ಎಡೆಯಿಲ್ಲ, ನಿಜ. ಆದರೆ ಮೋಸ ಮಾಡದಿರುವುದೂ ಅಲ್ಲಿ ಮಗುವಿನ ಗುಣವಾಗಿ ಉಳಿಯುವುದಿಲ್ಲ.

ಚದುರಂಗದಲ್ಲಿ ಮಾತ್ರ ಇದು ತಲೆಕೆಳಗಾಗುತ್ತದೆ. 1997ರಲ್ಲಿ ಗ್ಯಾರಿ ಕ್ಯಾಸ್ಪರೋವ್ ಅವರನ್ನು ಸೋಲಿಸಲು 'ಡೀಪ್ ಬ್ಲೂ' ಎಂಬ ಭಾರಿ ಕಂಪ್ಯೂಟರ್ ಬೇಕಾಯಿತು. ಇಂದು ಯಾವುದೇ ಸಾಧಾರಣ ಫೋನಿನ ಚದುರಂಗ ತಂತ್ರಾಂಶ ವಿಶ್ವ ಚಾಂಪಿಯನ್ನನನ್ನೂ ಮೀರಿಸುತ್ತದೆ. ಹೀಗಾಗಿ ಗೆಳೆಯನೊಡನೆ ಆಡುವ ಹುಡುಗಿಗೆ ಪಕ್ಕದ ಫೋನಿನಿಂದ ನಡೆ ಕದಿಯುವುದು ನೀರು ಕುಡಿದಷ್ಟು ಸುಲಭ. ದೊಡ್ಡ ಜಾಲತಾಣಗಳು ಇಂಥವರನ್ನು ಹಿಡಿದು ಖಾತೆ ಮುಚ್ಚುತ್ತವೆ. ಇಬ್ಬರೇ ಗೆಳೆಯರ ನಡುವೆ ಕಾವಲುಗಾರ ಯಾರು? ಅವರೇ.

ದಾಳದ ಮೇಲಿನ ಗುಮಾನಿ

ಲೂಡೊ ಆಡುವ ಪ್ರತಿ ಮನೆಯಲ್ಲೂ ಕೇಳುವ ಆಪಾದನೆ: 'ಈ ಆ್ಯಪ್ ಮೋಸ ಮಾಡುತ್ತೆ, ನನಗೆ ಆರು ಬೀಳೋದೇ ಇಲ್ಲ.' ಕೈಯಲ್ಲಿ ಹಾಕುವ ದಾಳ ಕಣ್ಣೆದುರು ಉರುಳುತ್ತದೆ. ಫೋನಿನ ದಾಳ ಲೆಕ್ಕದಿಂದ ಹುಟ್ಟುವ ಅಂಕಿ, ಉರುಳುವುದು ಬರೀ ಚಿತ್ರ. ಆದ್ದರಿಂದ ಗುಮಾನಿ ಸಹಜ. ಆದರೆ ಆಪಾದನೆ ಹೊರಿಸುವ ಮುನ್ನ ವಿದ್ಯಾರ್ಥಿಗಳು ಒಂದು ಲೆಕ್ಕ ಮಾಡಿ ನೋಡಲಿ. ಒಂದು ಸಲ ದಾಳ ಹಾಕಿದಾಗ ಆರು ಬೀಳದಿರುವ ಸಂಭವ 6ರಲ್ಲಿ 5. ಸತತ ಹತ್ತು ಸಲವೂ ಬೀಳದಿರುವ ಸಂಭವ ತಿಳಿಯಲು ಈ ಭಿನ್ನರಾಶಿಯನ್ನು ಹತ್ತು ಸಲ ಗುಣಿಸಬೇಕು. ಉತ್ತರ ಸುಮಾರು 100ರಲ್ಲಿ 16. ಇದು ಒಬ್ಬರ ಕಥೆ. ನಾಲ್ವರು ಆಡುವಾಗ, ಮೊದಲ ಹತ್ತು ಸರದಿಗಳಲ್ಲಿ ಯಾರಾದರೂ ಒಬ್ಬರಿಗಾದರೂ ಆರು ಬೀಳದೇ ಹೋಗುವ ಸಂಭವ 100ರಲ್ಲಿ 50ಕ್ಕೂ ತುಸು ಹೆಚ್ಚು! ಅಂದರೆ ದಾಳ ಪೂರಾ ಪ್ರಾಮಾಣಿಕವಾಗಿದ್ದರೂ ಎರಡು ಆಟಕ್ಕೊಮ್ಮೆ ಒಬ್ಬರು ಮೂತಿ ಊದಿಸಿಕೊಂಡು ಕೂರುವುದು ಲೆಕ್ಕದಲ್ಲೇ ಬರೆದಿದೆ.

ಸಂಭವನೀಯತೆಯ ಅಧ್ಯಾಯ ಪಠ್ಯಪುಸ್ತಕದಲ್ಲಿ ನಾಣ್ಯ ಚಿಮ್ಮಿಸುವುದರಿಂದ ಶುರುವಾಗುತ್ತದೆ. ನಾಲ್ಕು ಕವಡೆಯಿಂದ ಶುರುವಾಗಿದ್ದರೆ ನಮ್ಮ ಮಕ್ಕಳಿಗೆ ಇನ್ನಷ್ಟು ರುಚಿಸುತ್ತಿತ್ತೋ ಏನೋ. ಕವಡೆ ಎರಡೂ ಮಗ್ಗುಲಿಗೆ ಸಮನಾಗಿ ಬೀಳುತ್ತದೆಂದು ಇಟ್ಟುಕೊಂಡರೆ 16 ಬಗೆಯ ಬೀಳುಗಳಲ್ಲಿ ಎರಡು ಬರುವುದು 6 ಸಲ, ಒಂದು ಮತ್ತು ಮೂರು ತಲಾ 4 ಸಲ, ಚೌಕ ಒಂದೇ ಸಲ, ಬಾರವೂ ಒಂದೇ ಸಲ. ನಿಜವಾದ ಕವಡೆಗೆ ಗೂನುಬೆನ್ನು, ಅದು ಅಷ್ಟು ಸಮನಲ್ಲ. ಎಷ್ಟು ಸಮನಲ್ಲ ಎಂಬುದನ್ನು ನೂರು ಸಲ ಹಾಕಿ ಬರೆದಿಟ್ಟು ನೋಡುವುದು ರಜೆಯ ಒಂದು ಮಧ್ಯಾಹ್ನಕ್ಕೆ ಒಳ್ಳೆಯ ಕೆಲಸ.

ಅಂಚೆಕಾರ್ಡಿನ ಚದುರಂಗ ಮತ್ತೆ ಬಂತು

ಫೋನು ಕಸಿದುಕೊಂಡದ್ದರ ಬಗ್ಗೆ ಹೇಳಿದ ಮೇಲೆ ಕೊಟ್ಟದ್ದರ ಬಗ್ಗೆಯೂ ಹೇಳಬೇಕು. ಹಿಂದೆ ಚದುರಂಗದ ಹುಚ್ಚಿನವರು ಅಂಚೆಕಾರ್ಡಿನಲ್ಲಿ ಆಡುತ್ತಿದ್ದರು. ಒಂದು ನಡೆ ಬರೆದು ಅಂಚೆಪೆಟ್ಟಿಗೆಗೆ ಹಾಕಿ, ಉತ್ತರದ ನಡೆಗೆ ವಾರಗಟ್ಟಲೆ ಕಾಯಬೇಕು. ಒಂದು ಆಟ ಮುಗಿಯಲು ವರ್ಷ ಹಿಡಿದರೂ ಆಶ್ಚರ್ಯವಿರಲಿಲ್ಲ. ಇಂಥ ಆಟಕ್ಕೆಂದೇ 1951ರಲ್ಲಿ ಒಂದು ಅಂತರರಾಷ್ಟ್ರೀಯ ಒಕ್ಕೂಟವೂ ಸ್ಥಾಪನೆಯಾಯಿತು. ಫೋನಿನಲ್ಲಿ ಅದೇ ಬಗೆ ಮರಳಿ ಬಂದಿದೆ. 2010ರಲ್ಲಿ ಶುರುವಾದ 'ಲಿಚೆಸ್' ಎಂಬ ಉಚಿತ, ಜಾಹೀರಾತಿಲ್ಲದ ತಾಣದಲ್ಲಿ ಒಂದು ನಡೆಗೆ ಒಂದು ದಿನದಿಂದ ಹದಿನಾಲ್ಕು ದಿನಗಳವರೆಗೆ ಸಮಯ ಇಟ್ಟು ಆಡಬಹುದು. ಚಿಕ್ಕವರಿಗಾಗಿ ಮಾತುಕತೆಯ ಸೌಲಭ್ಯವನ್ನು ಮುಚ್ಚಿಡುವ ಏರ್ಪಾಡೂ ಅದರಲ್ಲಿದೆ.

ನನ್ನ ದೃಷ್ಟಿಯಲ್ಲಿ ವಿದ್ಯಾರ್ಥಿಗೆ ಒಗ್ಗುವ ಆಟ ಇದೇ. ತಂದೆಗೆ ಹಾವೇರಿಯಿಂದ ಬಳ್ಳಾರಿಗೆ ವರ್ಗವಾಯಿತು ಎನ್ನಿ. ಏಳನೇ ಕ್ಲಾಸಿನ ಮಗನಿಗೆ ಹೊಸ ಶಾಲೆ, ಹೊಸ ಬೀದಿ. ಹಳೆಯ ಗೆಳೆಯನೊಡನೆ ದಿನಕ್ಕೊಂದು ನಡೆ ಸಾಗುತ್ತಿದ್ದರೆ ಗೆಳೆತನಕ್ಕೆ ಒಂದು ನೆವ ಉಳಿಯುತ್ತದೆ. ಹದಿಮೂರು ವರ್ಷದ ಹುಡುಗರು 'ಹೇಗಿದ್ದೀಯ' ಎಂದು ಫೋನು ಮಾಡುವವರಲ್ಲ. 'ನಿನ್ನ ಆನೆ ಹೋಯಿತಲ್ಲೋ' ಎಂದು ಮಾಡುತ್ತಾರೆ. ಅಮೆರಿಕದಲ್ಲಿರುವ ಚಿಕ್ಕಪ್ಪನ ಮಗಳೊಡನೆಯೂ ಹಾಗೆಯೇ. ಇಲ್ಲಿ ರಾತ್ರಿಯೂಟದ ಹೊತ್ತಿಗೆ ಅಲ್ಲಿ ಬೆಳಗಿನ ಶಾಲೆಯ ಗಡಿಬಿಡಿ. ಒಟ್ಟಿಗೆ ಕೂತು ಆಡುವುದು ಕಷ್ಟ, ದಿನಕ್ಕೊಂದು ನಡೆ ಕಷ್ಟವಲ್ಲ. ಒಂದು ನಡೆ ಎಂದರೆ ನಾಲ್ಕಾರು ಅಕ್ಷರದಷ್ಟೇ ಸಮಾಚಾರ, ನೆಟ್‌ವರ್ಕ್ ಮಂದವಾಗಿರುವ ಮಲೆನಾಡಿನ ಮೂಲೆಯಿಂದಲೂ ತಲುಪುತ್ತದೆ.

ಮೂರು ನಿಮಿಷದ, ಐದು ನಿಮಿಷದ ಬಿರುಸಿನ ಆಟದ ಗುಣವೇ ಬೇರೆ. ಸೋತವನ ಕೈ 'ಇನ್ನೊಂದು' ಎಂದು ತಾನಾಗಿ ಒತ್ತುತ್ತದೆ. ಅಪರಿಚಿತ ಎದುರಾಳಿಗಳಿಗೆ ಅಲ್ಲಿ ಎಂದೂ ಬರವಿಲ್ಲ. ಗೆಳೆಯನಾದರೆ ಅವನ ಅಮ್ಮ ಊಟಕ್ಕೆ ಕರೆಯುತ್ತಾಳೆ, ಆಟ ನಿಲ್ಲುತ್ತದೆ. ಅಪರಿಚಿತರ ಸಾಲಿಗೆ ಊಟದ ಹೊತ್ತೆಂಬುದೇ ಇಲ್ಲ. 'ಎಷ್ಟು ಹೊತ್ತು ಆಡಿದೆ' ಎನ್ನುವುದಕ್ಕಿಂತ 'ಯಾರೊಡನೆ ಆಡಿದೆ' ಎಂಬ ಪ್ರಶ್ನೆ ಮೇಲು ಎಂದು ನಾನು ಹೇಳುವುದು ಇದಕ್ಕೇ.

ನೆಟ್‌ವರ್ಕ್ ಕೈಕೊಟ್ಟರೆ ಏನು ಮಾಡಬೇಕೆಂಬುದನ್ನೂ ಗೆಳೆಯರು ಮೊದಲೇ ಮಾತಾಡಿಕೊಂಡಿರಬೇಕು. ಈ ಪ್ರಶ್ನೆ ದೊಡ್ಡವರನ್ನೂ ಬಿಟ್ಟಿಲ್ಲ. 2020ರ ಆಗಸ್ಟ್‌ನಲ್ಲಿ ವಿಶ್ವ ಚೆಸ್ ಸಂಸ್ಥೆ ನಡೆಸಿದ ಆನ್‌ಲೈನ್ ಒಲಿಂಪಿಯಾಡ್‌ನ ಫೈನಲ್‌ನಲ್ಲಿ ರಷ್ಯದ ವಿರುದ್ಧ ಆಡುತ್ತಿದ್ದ ಭಾರತದ ನಿಹಾಲ್ ಸರೀನ್ ಮತ್ತು ದಿವ್ಯಾ ದೇಶಮುಖ್ ಅವರ ಸಂಪರ್ಕ ಆಟದ ನಡುವೆ ಕಡಿದುಹೋಯಿತು. ಗಡಿಯಾರದಲ್ಲಿ ಅವರು ಸೋತರು. ಭಾರತ ಮೇಲ್ಮನವಿ ಸಲ್ಲಿಸಿತು. ಕೊನೆಗೆ ಎರಡೂ ದೇಶಗಳಿಗೆ ಚಿನ್ನ ಹಂಚಲಾಯಿತು. ಯಂತ್ರ ಸೋಲೆಂದು ಬರೆದುಬಿಟ್ಟದ್ದನ್ನು ಮನುಷ್ಯರು ಕೂತು ತಿದ್ದಿದರು.

ಮಣೆಯ ಕೆಳಗಿನ ಅಂಗಡಿ

ಪೋಷಕರು ಗಮನಿಸಬೇಕಾದ ಇನ್ನೊಂದು ಸಂಗತಿ ದುಡ್ಡು. ಅದೇ ನಾಲ್ಕು ಬಣ್ಣದ ಲೂಡೊ ಮಣೆಯ ಮೇಲೆ ಪಣ ಕಟ್ಟಿ ಆಡಿಸುವ ವ್ಯಾಪಾರ ದೇಶದಲ್ಲಿ ದೊಡ್ಡದಾಗಿ ಬೆಳೆದಿತ್ತು. ಕರ್ನಾಟಕ 2021ರಲ್ಲಿ ಇದನ್ನು ತಡೆಯಲು ಕಾನೂನು ತಂದಿತು. ಅದರ ಮುಖ್ಯ ಅಂಶಗಳನ್ನು ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದುಪಡಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ ಕೌಶಲದ ಆಟ, ಅದೃಷ್ಟದ ಆಟ ಎಂಬ ಭೇದವೆಣಿಸದೆ ಹಣ ಕಟ್ಟುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿತು. ಬರೀ ಮನರಂಜನೆಯ ಆಟಗಳನ್ನು ಬೇರೆಯಾಗಿ ಇಟ್ಟಿತು. ಕಾಯ್ದೆ ಬಂತೆಂದು ಎಚ್ಚರ ತಪ್ಪುವಂತಿಲ್ಲ. ಗೆದ್ದರೆ ದುಡ್ಡು ಎಂದು ಬರುವ ಯಾವ ಕೊಂಡಿಯನ್ನೂ ಮಕ್ಕಳು ಒತ್ತಕೂಡದು.

ಪಣವಿಲ್ಲದ ಆಟಗಳಲ್ಲೂ ಒಂದು ಪುಟ್ಟ ಅಂಗಡಿ ಇದ್ದೇ ಇರುತ್ತದೆ. ಬಣ್ಣದ ದಾಳ, ಆಟದ ನಾಣ್ಯದ ಪೆಟ್ಟಿಗೆ, 'ನಾಳೆಯೂ ಬಂದರೆ ಬಹುಮಾನ' ಎಂಬ ಆಮಿಷ. ಅಪ್ಪನ ಫೋನಿನಲ್ಲೇ ಮಗ ಆಡುವುದಾದರೆ, ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡಿಡುವುದು ಐದು ನಿಮಿಷದ ಕೆಲಸ.

ಇನ್ನೂ ಸುಲಭದ ಉಪಾಯ ಇಂಟರ್ನೆಟ್ ಬಂದ್ ಮಾಡುವುದು. ಬಹಳಷ್ಟು ಲೂಡೊ ಆ್ಯಪ್‌ಗಳಲ್ಲಿ ಒಂದೇ ಉಪಕರಣವನ್ನು ಕೈಯಿಂದ ಕೈಗೆ ದಾಟಿಸಿ ಆಡುವ ಬಗೆಯಿದೆ. ಮನೆಯಲ್ಲಿ ಟ್ಯಾಬ್ ಇದ್ದರೆ ಚಾಪೆಯ ಮೇಲೆ ಮಲಗಿಸಿ ನಾಲ್ವರು ಸುತ್ತ ಕೂರಬಹುದು. ಫೋನು ಮುಖದ ಮುಂದೆ ನಿಲ್ಲುತ್ತದೆ, ಟ್ಯಾಬ್ ಮುಖಗಳ ನಡುವೆ ಮಲಗುತ್ತದೆ. ಇದು ಸಣ್ಣ ವ್ಯತ್ಯಾಸವಲ್ಲ. ಆಗ ತಂಗಿಯ ಸರದಿಯನ್ನು ಅಣ್ಣ ಆಡಿಕೊಡಬಹುದು, ಜಗಳಕ್ಕೂ ಜಾಗವಾಗುತ್ತದೆ.

ಅಜ್ಜನನ್ನು ಚದುರಂಗಕ್ಕೆ ಕರೆಯುವ ಮೊಮ್ಮಕ್ಕಳಿಗೆ ಒಂದು ಸೂಚನೆ. ಅವರು ಕಲಿತದ್ದು ನಾಡಿನ ಹಳೆಯ ಪದ್ಧತಿಯಾಗಿದ್ದರೆ ಕಾಲಾಳು ಮೊದಲ ಸಲವೂ ಒಂದೇ ಮನೆ ನಡೆಯುತ್ತದೆ. ರಾಜನಿಗೆ ಆಟದಲ್ಲಿ ಒಮ್ಮೆ ಕುದುರೆಯಂತೆ ಜಿಗಿಯುವ ಹಕ್ಕುಂಟು. ಫೋನು ಆ ಜಿಗಿತವನ್ನು ಒಪ್ಪುವುದಿಲ್ಲ, ರಾಜನನ್ನು ಮತ್ತೆ ಹಳೆಯ ಮನೆಯಲ್ಲೇ ತಂದು ಕೂರಿಸುತ್ತದೆ. ಅಜ್ಜ ಕನ್ನಡಕ ತೆಗೆದು ಒರೆಸಿ, ಫೋನು ಕೆಟ್ಟಿದೆ ಎನ್ನುತ್ತಾರೆ. ಮರದ ಮಣೆ ಅಟ್ಟದ ಮೇಲಿದ್ದರೆ ಆಗ ಇಳಿಸಿ. ಮೊದಲ ಕಾಯಿ ಮುಟ್ಟುವ ಮುನ್ನ ಯಾರ ನಿಯಮ ಎಂಬುದನ್ನು ಇಬ್ಬರೂ ಕೂತು ತೀರ್ಮಾನಿಸಿಕೊಳ್ಳಿ.