ರಕ್ತದ ಹೆಪ್ಪು

ಹಾಲಿಗೆ ಸಂಬಂಧಿಸಿದ ಹೆಪ್ಪು ಎಂಬ ಮಾತನ್ನೇ ಕನ್ನಡಿಗರು ನೆತ್ತರಿಗೂ ಬಳಸುವರು. ಆದರೆ ಹಾಲಿನಲ್ಲಿ ಹೆಪ್ಪೆಂಬುದು ಕಾರಣ, ಮೊಸರು ಕಾರ್ಯ. ರಕ್ತದಲ್ಲಿಯಾದರೋ ಗಟ್ಟಿಯಾದ ಕಾರ್ಯಕ್ಕೇ ಹೆಪ್ಪೆಂಬ ಹೆಸರು. ಈ ಅರ್ಥಭೇದವು ಅಕಾರಣವಲ್ಲವೆಂದು ತೋರುವುದು. ಹಾಲಿಗೆ ಹೆಪ್ಪನ್ನು ಹೊರಗಿನಿಂದ ಹಾಕಬೇಕು; ರಕ್ತದಲ್ಲಿ ಅದರ ಸಾಮಗ್ರಿಯೆಲ್ಲ ಮೊದಲೇ ಅಡಗಿರುವುದು. ಆದುದರಿಂದ ರಕ್ತವು ಏಕೆ ಹೆಪ್ಪುಗಟ್ಟುವುದೆಂಬುದಕ್ಕಿಂತ, ನಾಳದೊಳಗೆ ಹರಿಯುವಾಗ ಏಕೆ ಹೆಪ್ಪುಗಟ್ಟದೆಂಬುದೇ ಗಹನತರವಾದ ಪ್ರಶ್ನೆ.

ನಾಳವು ಹರಿದೊಡನೆ ಅದರ ಗೋಡೆ ಸಂಕೋಚಗೊಳ್ಳುವುದು. ಒಂದು ಘನ ಮಿಲಿಮೀಟರು ರಕ್ತದಲ್ಲಿ ಸುಮಾರು 1,50,000ದಿಂದ 4,50,000ದವರೆಗಿರುವ ಪ್ಲೇಟ್ಲೆಟ್ಟುಗಳೆಂಬ ಕಿರುಬಿಲ್ಲೆಗಳು ಗಾಯಕ್ಕೆ ಅಂಟಿ, ಒಂದರೊಡನೊಂದು ಕೂಡಿ ಬಿರಟೆಯಾಗುವುವು. 1882ರಲ್ಲಿ ಇಟಲಿಯ ಬಿಜೊಜೆರೊ ಇದನ್ನು ವಿವರಿಸಿದನು. ಈ ಬಿರಟೆ ದುರ್ಬಲವಾದುದು. ಅದನ್ನು ಬಿಗಿಯುವುದು ಫೈಬ್ರಿನ್ ಎಂಬ ನೂಲು. ಗಾಯದ ಪ್ರೇರಣೆಯಿಂದ ರಕ್ತದ ಹಲವು ಪ್ರೋಟೀನುಗಳು ಒಂದರಿಂದೊಂದು ಎಚ್ಚರಗೊಂಡು, ಕ್ಯಾಲ್ಸಿಯಮಿನ ನೆರವಿನಿಂದ ಥ್ರಾಂಬಿನ್ ಹುಟ್ಟುವುದು. ಥ್ರಾಂಬಿನ್ನು ರಕ್ತದಲ್ಲಿ ಕರಗಿರುವ ಫೈಬ್ರಿನೋಜೆನ್ನಿನ ಚಿಕ್ಕ ತುಣುಕುಗಳನ್ನು ಕತ್ತರಿಸಲು, ಉಳಿದುದು ನೂಲಾಗಿ ಬಲೆ ಹೆಣೆಯುವುದು. ಈ ಸರಪಣಿಯ ಎಂಟನೆಯ ಅಥವಾ ಒಂಬತ್ತನೆಯ ಅಂಶವೊಂದು ಕೊರೆಯಾದರೂ ಕುಸುಮರೋಗವುಂಟಾಗುವುದು.

ಇಷ್ಟು ವೇಗದ ಕ್ರಿಯೆ ಗಾಯದ ಎಡೆಯಲ್ಲಿಯೇ ನಿಲ್ಲುವುದು ಆಶ್ಚರ್ಯಕರ. ನಾಳದ ನುಣುಪಾದ ಒಳಪೊರೆಯೂ ಆಂಟಿಥ್ರಾಂಬಿನ್ ಮೊದಲಾದ ದ್ರವ್ಯಗಳೂ ಅದನ್ನು ತಡೆಯುವುವು. ಗಾಯ ಮಾಯುತ್ತ ಬಂದಂತೆ ಪ್ಲಾಸ್ಮಿನ್ ಎಂಬುದು ಬಲೆಯನ್ನೇ ಕರಗಿಸುವುದು. ಮೊಸರು ಮರಳಿ ಹಾಲಾಗದು. ರಕ್ತದ ಹೆಪ್ಪಾದರೋ ಕರಗಬಲ್ಲುದು.

ಈ ಸಮತೂಕ ತಪ್ಪಿದರೆ ಒಡೆಯದ ನಾಳದೊಳಗೂ ಹೆಪ್ಪು ಕಟ್ಟುವುದು. ಹರಿವು ಮಂದವಾಗುವುದು, ಒಳಪೊರೆ ಕೆಡುವುದು, ರಕ್ತದ ಗುಣವೇ ಮಾರ್ಪಡುವುದು ಎಂಬ ಮೂರು ಕಾರಣಗಳು ಇಂದಿಗೂ ಜರ್ಮನಿಯ ವಿರ್ಖೋನ ಹೆಸರಿನಿಂದಲೇ ಪ್ರಸಿದ್ಧವಾಗಿವೆ. ಕಾಲಿನ ಅಭಿಧಮನಿಯಲ್ಲಿ ಕಟ್ಟಿದ ಹೆಪ್ಪು ಕಳಚಿಕೊಂಡು ಶ್ವಾಸಕೋಶದ ನಾಳವನ್ನು ಮುಚ್ಚಬಲ್ಲುದೆಂಬುದನ್ನು ಅವನ 1856ರ ಲೇಖನಸಂಗ್ರಹದಲ್ಲಿ ಕಾಣಬಹುದು. ಶಸ್ತ್ರಕ್ರಿಯೆಯಾದವರನ್ನು ವೈದ್ಯರು ಬೇಗನೆ ಎಬ್ಬಿಸಿ ನಡೆಸುವುದು ಬಹುಮಟ್ಟಿಗೆ ಈ ಭಯದಿಂದಲೇ; ರೋಗಿಗಳು ಅದನ್ನು ನಿರ್ದಯೆಯೆಂದು ಬಗೆಯುವುದುಂಟು.

ಹೃದಯಾಘಾತದ ಬಗೆ ಬೇರೆ. ಅಲ್ಲಿ ಅಪಧಮನಿಯ ಗೋಡೆಯಲ್ಲಿ ಸಂಚಿತವಾದ ಕೊಬ್ಬಿನ ಗಂಟು ಒಡೆಯಲು, ಕಿರುಬಿಲ್ಲೆಗಳು ಅದನ್ನು ಹೊರಗಾಯವೆಂಬಂತೆ ಮುತ್ತಿಕೊಳ್ಳುವುವು. ಅಪಧಮನಿಯ ಹೆಪ್ಪಿನಲ್ಲಿ ಬಿಲ್ಲೆಗಳೂ ಅಭಿಧಮನಿಯದರಲ್ಲಿ ಫೈಬ್ರಿನ್ನೂ ಕೆಂಪುಕಣಗಳೂ ಹೆಚ್ಚು. ಆದುದರಿಂದಲೇ ಮೊದಲನೆಯದಕ್ಕೆ ಬಿಲ್ಲೆಗಳ ಕೂಟವನ್ನು ತಡೆಯುವ ಆಸ್ಪಿರಿನ್ನನ್ನೂ ಎರಡನೆಯದಕ್ಕೆ ಥ್ರಾಂಬಿನ್ನನ್ನು ತಗ್ಗಿಸುವ ಹೆಪಾರಿನ್, ವಾರ್ಫರಿನ್ ಮುಂತಾದವನ್ನೂ ಪ್ರಧಾನವಾಗಿ ಕೊಡುವರು. ಇವಾವುವೂ ಕಟ್ಟಿದ ಹೆಪ್ಪನ್ನು ತಾವೇ ಕರಗಿಸಲಾರವು. ಅದು ಬೆಳೆಯದಂತೆ ತಡೆದು, ಪ್ಲಾಸ್ಮಿನ್ನಿಗೆ ಅವಕಾಶ ಮಾಡಿಕೊಡುವುವು.