ಆಪರೇಷನ್ ಬೀದರಿನಲ್ಲಿ, ದೂರು ನಮ್ಮ ಜಿಲ್ಲೆಯಲ್ಲೇ

ಜಹೀರಾಬಾದ್, ನಾರಾಯಣಖೇಡ, ತಾಂಡೂರಿನ ಕನ್ನಡ ಮನೆಯವರೇ, ಸ್ವಲ್ಪ ಕೇಳಿ.

ಆಪರೇಷನ್‌ಗೆ ಮುಂಚೆ ಒಂದು ಹಾಳೆ ಮುಂದಿಡುತ್ತಾರೆ. ತುಂಬ ಇಂಗ್ಲಿಷ್, ಕೆಳಗೆ ಖಾಲಿ ಗೆರೆ. ಅವ್ವ ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಂಡಾಗಿದೆ. ತಡೀರಿ! "ಕನ್ನಡದಾಗ ಬಿಡಿಸಿ ಹೇಳ್ರಿ" ಅನ್ನಿ. ತಿಳಿದು ಕೊಟ್ಟರೆ ಮಾತ್ರ ಅದು ಒಪ್ಪಿಗೆ. 2008ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

ಗುಣವಾಗದ್ದೆಲ್ಲ ವೈದ್ಯರ ತಪ್ಪಲ್ಲ, ನಿಜ. ಆದರೆ ನಿರ್ಲಕ್ಷ್ಯದ ಅನುಮಾನವಿದ್ದರೆ ಮೊದಲು ಕೇಸ್ ಶೀಟಿಗೆ ಅರ್ಜಿ ಬರೆದುಕೊಡಿ. ಆಸ್ಪತ್ರೆಯವರು ಅದನ್ನು 72 ಗಂಟೆಯೊಳಗೆ ಕೊಡಬೇಕು.

ದುಡ್ಡು ಕೊಟ್ಟು ಪಡೆದ ಚಿಕಿತ್ಸೆಗೆ ಗ್ರಾಹಕ ಕಾನೂನಿದೆ. ಆಪರೇಷನ್ ಬೀದರಿನಲ್ಲಾಗಿದ್ದರೂ, 2019ರ ಕಾಯ್ದೆಯಂತೆ ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗಕ್ಕೇ ದೂರು ಕೊಡಬಹುದು. ಜಹೀರಾಬಾದ್, ನಾರಾಯಣಖೇಡದವರಿಗೆ ಅದು ಸಂಗಾರೆಡ್ಡಿ. ಬಿಲ್ಲು 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ.

ಗಡುವು ಎರಡೇ ವರ್ಷ. ಒಂದು ಚೀಟಿಯನ್ನೂ ಎಸೆಯಬೇಡಿ.