ಅಟ್ಟದ ಮೆಟ್ಟಿಲಿಗೂ ಒಂದು ಲೆಕ್ಕ

ಪೈಥಾಗೊರಸನ ಪ್ರಮೇಯ ಪರೀಕ್ಷೆಗಷ್ಟೇ ಎನ್ನುವವರು ಹೆಂಚಿನ ಮನೆಯ ಅಟ್ಟಕ್ಕೆ ತಾವೇ ಮರದ ಮೆಟ್ಟಿಲು ಮಾಡಿ ನೋಡಬೇಕು.

ಮೊದಲು ನೆಲದಿಂದ ಅಟ್ಟದ ಮೇಲ್ಮೈವರೆಗೆ ಅಳೆಯಿರಿ. ಎತ್ತರ 270 ಸೆಂ.ಮೀ. ಇದ್ದರೆ 15ರಿಂದ ಭಾಗಿಸಿ. ಒಂದೊಂದು ಮೆಟ್ಟಿಲಿನ ಏರು 18 ಸೆಂ.ಮೀ. ಕಾಲಿಡುವ ಅಗಲಕ್ಕೆ 17ನೇ ಶತಮಾನದ ಫ್ರೆಂಚ್ ವಾಸ್ತುಶಿಲ್ಪಿ ಫ್ರಾನ್ಸ್ವಾ ಬ್ಲಾಂಡೆಲ್ ಕೊಟ್ಟ ಸೂತ್ರವಿದೆ: ಏರಿನ ಎರಡರಷ್ಟಕ್ಕೆ ಅಗಲ ಕೂಡಿಸಿದರೆ ಒಂದು ಹೆಜ್ಜೆಯಷ್ಟಾಗಬೇಕು. ಅದನ್ನು ಸುಮಾರು 63 ಸೆಂ.ಮೀ. ಎಂದು ಹಿಡಿದು 36 ಕಳೆದರೆ ಅಗಲ 27.

ಕೊನೆಯ ಏರಿಗೆ ಅಟ್ಟವೇ ಮೆಟ್ಟಿಲು. ಆದ್ದರಿಂದ ಹಲಗೆ 14 ಸಾಕು. ಅವುಗಳ ಒಟ್ಟು ಏರು 252, ನೆಲದ ಮೇಲಿನ ಜಾಗ 378 ಸೆಂ.ಮೀ. ಇವೆರಡರ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ ಓರೆ ತೊಲೆಯ ಉದ್ದ ಸುಮಾರು 454. ಮರ ತರುವಾಗ ತುಸು ಹೆಚ್ಚೇ ಇರಲಿ.

ಹಲಗೆ 3 ಸೆಂ.ಮೀ. ದಪ್ಪವಿದ್ದರೆ ತೊಲೆಯ ಬುಡವನ್ನು ಅಷ್ಟೇ ಕೊಯ್ಯಬೇಕು. ಇಲ್ಲದಿದ್ದರೆ ಮೊದಲ ಏರು 21, ಕೊನೆಯದು 15 ಆದೀತು. ಎರಡು ಮೆಟ್ಟಿಲು ಹತ್ತುವಷ್ಟರಲ್ಲಿ ಕಾಲು ಅಳತೆ ಕಲಿತಿರುತ್ತದೆ. ಆಮೇಲೆ ಕಣ್ಣು ಕೆಳಗೆ ನೋಡುವುದಿಲ್ಲ. ಅಳತೆ ತಪ್ಪಿದಲ್ಲೇ ಕತ್ತಲಲ್ಲಿ ಅಜ್ಜಿ ಎಡವುವುದು, ಮಗು ಮುಗ್ಗರಿಸುವುದು.

ಗರಗಸ ದೊಡ್ಡವರು ಹಿಡಿಯಲಿ, ಲೆಕ್ಕ ಮಕ್ಕಳು ಮಾಡಲಿ. ಪಕ್ಕದಲ್ಲಿ ಹಿಡಿದು ಹತ್ತಲು ಗಟ್ಟಿಯಾದ ಕಂಬಿಯೊಂದನ್ನು ಮರೆಯಬೇಡಿ.